ಜಯಪ್ಪನ ಹೆಸರು ಸೇರಿದ ಹಡಗಿನ ಹಾಡು

ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವನು ಕಾರ್ಖಾನೆಯೊಳಗೆ ಸತ್ತರೆ, ಕಾಗದದ ಪ್ರಕಾರ ಅಲ್ಲಿ ಕೂಲಿಯವರು ಯಾರೂ ಸತ್ತಿರುವುದಿಲ್ಲ. ಇದು ಗೊತ್ತಿರಲಿಲ್ಲ ಎಂದು ಮಾತ್ರ ಹೇಳಬೇಡಿ.

ಮೂರ್ತಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಶಿವಮೊಗ್ಗದ ಅಂಚಿನಲ್ಲಿ ಬಾಗಿಲು ಮುಚ್ಚಿ ತುಕ್ಕು ಹಿಡಿದ, ಕಬ್ಬಿಣ ಎರಕದ ಒಂದು ಫೌಂಡ್ರಿ, ಅದರ ಗೇಟಿನ ಪಕ್ಕ ಹತ್ತಡಿ ಕೋಣೆ, ಆ ಕೋಣೆಯಲ್ಲಿ ಅವನು ಮತ್ತು ಹೆಂಡತಿ ಹೂವಮ್ಮ. ಕಾವಲು ಕಾಯುವುದು ಕೆಲಸ, ಕೋಣೆಯೇ ಸಂಬಳ. ಅರವತ್ತೊಂಬತ್ತಕ್ಕೆ ಬೆನ್ನು ಬಾಗಿದೆ, ಅಂಗೈ ಮಾತ್ರ ಈಗಲೂ ಹಲಗೆ. ಪ್ರಾಯದಲ್ಲಿ ಅವನು ಖಲಾಸಿ. ಕ್ರೇನು ನುಗ್ಗದ ಕಡೆ ಟನ್ನುಗಟ್ಟಲೆ ಭಾರವನ್ನು ಹಗ್ಗ, ರಾಟೆ, ಮರದ ದಿಮ್ಮಿ ಇಷ್ಟರಲ್ಲೇ ಹತ್ತು ಜನ ಎಳೆದು ಕೂರಿಸುವ ಕೆಲಸ.

ಹಾಡಿಲ್ಲದೆ ಆ ಕೆಲಸ ನಡೆಯುವುದಿಲ್ಲ. ಹತ್ತು ಜನ ಒಂದೇ ಕ್ಷಣಕ್ಕೆ ಎಳೆಯದಿದ್ದರೆ ಭಾರ ಜಾರುತ್ತದೆ. ಇವರ ಹಾಡು ಒಂದು ಹಡಗು ಮುಳುಗಿದ ಕತೆ. ಕರಾವಳಿಯಿಂದ ಬಂದ ಒಬ್ಬ ಮುದುಕ ಖಲಾಸಿ ಘಟ್ಟ ಹತ್ತಿಸಿಕೊಂಡು ತಂದಿದ್ದ. ಮೇಸ್ತ್ರಿ ಕರಿಯಣ್ಣ ಒಂದು ಸಾಲು ಎತ್ತುವನು, ತಂಡ ಉತ್ತರ ಕೊಟ್ಟು ಎಳೆಯುವುದು. ಮೇಸ್ತ್ರಿಯ ಸಾಲಿನ ಕೊನೆಯ ಮಾತೇ ತಂಡದ ಮೊದಲ ಮಾತು.

ಪಡುವಣ ಗಾಳಿ ಎದ್ದಿತೋ!
ಎದ್ದಿತೋ, ಎಳಿ ಅಣ್ಣಾ!

ಪಟದ ಕಂಬ ಮುರಿದು, ಚುಕ್ಕಾಣಿ ಕಳಚಿ, ಕೊನೆಗೆ ಮುಳುಗಿದವರ ಹೆಸರುಗಳು ಬರುತ್ತವೆ. ಕೆಲಸದಲ್ಲಿ ಸತ್ತ ತನ್ನವರನ್ನೂ ಕರಿಯಣ್ಣ ಅದೇ ಹಡಗಿಗೆ ಹತ್ತಿಸುತ್ತಿದ್ದ. ಬೇರೆ ಯಾವ ಪುಸ್ತಕವೂ ಅವರನ್ನು ಬರೆದುಕೊಂಡಿರಲಿಲ್ಲವಲ್ಲ.

ಹೋದ ಜನವರಿಯಲ್ಲಿ ಖಾಕಿ ಅಂಗಿಯ ಮೇಲೆ ಸ್ವೆಟರ್ ಹಾಕಿದ ಬಸ್ ಕಂಡಕ್ಟರ್ ಒಬ್ಬಳು ಗೇಟು ಬಡಿದಳು.

"ದೊಡ್ಡಪ್ಪಾ, ನಾನು ಸಂಘಮಿತ್ರಾ. ಜಯಪ್ಪನ ಮಗಳು."

ಮೂರ್ತಪ್ಪ ಬೀಗದ ಕೈಯನ್ನು ಈ ಜೇಬಿನಿಂದ ಆ ಜೇಬಿಗೆ ಹಾಕಿಕೊಂಡ. "ಯಾವ ಜಯಪ್ಪ?"

"ನಿಮ್ಮ ಪಕ್ಕದಲ್ಲೇ ಹಗ್ಗ ಹಿಡೀತಿದ್ದೋರು. ಇಲ್ಲೇ ಒಳಗೆ ಸತ್ತೋರು."

ಮೂವತ್ತೆರಡು ವರ್ಷದ ಹಿಂದಿನ ಮಾತು. ಸವೆದ ಹಗ್ಗ ಹರಿದು ಕಬ್ಬಿಣದ ಅಚ್ಚು ಜಯಪ್ಪನ ಎದೆಯ ಮೇಲೆ ಬಂದು ಕೂತಿತ್ತು. ಹಗ್ಗ ಬದಲಿಸಿ ಎಂದು ತಂಡ ಎರಡು ಸಲ ಕೇಳಿತ್ತು. ಮಾಲೀಕ ಧರ್ಮಪ್ಪ ಸಂಜೆಯೊಳಗೆ ಕಾಗದ ಬರೆಸಿದ: ಗುಜರಿ ಕದಿಯಲು ಒಳನುಗ್ಗಿದ ಅಪರಿಚಿತ, ಭಾರ ಬಿದ್ದು ಸತ್ತಿದ್ದಾನೆ. ಸಾಕ್ಷಿ ಎಂದು ಸಹಿ ಹಾಕಿದವನು ಮೂರ್ತಪ್ಪ. ಮರುವಾರ ಈ ಕೋಣೆ ಸಿಕ್ಕಿತು. ಮೂರು ವರ್ಷದ ಸಂಘಮಿತ್ರಾಳಿಗೆ ಸಿಕ್ಕಿದ್ದು ಒಂದು ಹೆಸರು, ಕಬ್ಬಿಣ ಕಳ್ಳನ ಮಗಳು. ಶಾಲೆಯಲ್ಲಿ ಅದೇ, ಮದುವೆ ಮಾತು ಮುರಿದು ಬಿದ್ದಾಗಲೂ ಅದೇ.

"ಅವ್ವ ಸಾಯೋಕೆ ಮುಂಚೆ ಹೇಳಿದ್ಲು, ನಿಮ್ಮಪ್ಪನ ಹೆಸರು ಹಡಗಿನ ಹಾಡಿಗೆ ಸೇರಿಸ್ಕೊಂಡಿದ್ರು ಅಂತ. ಕಳ್ಳನ ಹೆಸರು ಯಾರಾದ್ರೂ ಸೇರಿಸ್ಕೋತಾರಾ ದೊಡ್ಡಪ್ಪಾ? ಅವಳಿಗೆ ಗಾಳಿ ಎದ್ದಿದ್ದು ಒಂದೇ ಸಾಲು ನೆನಪಿತ್ತು. ನಂಗೆ ಪೂರ್ತಿ ಬೇಕು."

"ನಂಗೂ ಅರ್ಧನೇ ಬರೋದು ತಾಯಿ. ನಾವು ಎಳಿಯೋರು. ಎತ್ತೋನು ಮೇಸ್ತ್ರಿ."

"ಆ ಅರ್ಧನೇ ಹೇಳಿ." ಅವಳು ಫೋನು ಮುಂದೆ ಹಿಡಿದಳು.

ಮೂರ್ತಪ್ಪ ಕಟ್ಟೆಯ ಮೇಲೆ ಕೂತು ಎದ್ದಿತೋ ಎಂದ, ಮುರಿಯಿತೋ ಎಂದ. ಹೆಸರುಗಳ ಹತ್ತಿರ ಬರುತ್ತಿದ್ದಂತೆ ಕೆಮ್ಮು ಬಂತು. "ಕೂತ್ಕೊಂಡು ಬರಲ್ಲ ಮಾರಾಯ್ತಿ. ಕೈಯಲ್ಲಿ ಹಗ್ಗ ಇರ್ಬೇಕು."

"ಹಂಗಾದ್ರೆ ಕರಿಯಣ್ಣನ ಹತ್ರಾನೇ ಹೋಗೋಣ. ಭದ್ರಾವತೀಲಿ ಇದಾರಂತೆ. ಭಾನುವಾರ ನಂಗೆ ರಜಾ."

ಅವನು ಒಪ್ಪಿದ. ಗಂಟಲಿನ ಆಪರೇಷನ್ ಆಗಿ ಕರಿಯಣ್ಣನ ಸ್ವರವೇ ಹೋಗಿದೆ ಎಂದು ಅವನಿಗೆ ಗೊತ್ತಿತ್ತು. ಅದನ್ನು ಅವಳಿಗೆ ಹೇಳಲಿಲ್ಲ. ಹೂವಮ್ಮನಿಗೆ ಗೊತ್ತಾಗದೆ ಇರುತ್ತದೆಯೇ?

"ಮಾತು ಬರದೋನ ಹತ್ರ ಕರ್ಕೊಂಡು ಹೋಗ್ತಿದೀರಲ್ಲ, ಭೇಷ್ ಕಣ್ರೀ," ಎಂದಳು. "ಹಾಡಿದ್ರೆ ನಾಳೆ ನಮ್ಮ ಪಾತ್ರೆ ಬೀದೀಲಿ. ಹಾಡದೇ ಇದ್ರೆ ಆ ಹುಡುಗಿ ಮುಖ ನನ್ನ ಕಣ್ಣಲ್ಲಿ. ನೀವೇ ಹೇಳಿ, ಯಾವ್ದು ವಾಸಿ?"

ಅವನು ಚಪ್ಪಲಿ ಹುಡುಕುವ ನೆಪದಲ್ಲಿ ಹೊರಗೆ ಹೋದ.

ಭಾನುವಾರ ಬಸ್ಸಿನಲ್ಲಿ ಸಂಘಮಿತ್ರಾಳ ಜೊತೆ ಕೆಲಸ ಮಾಡುವ ಕಂಡಕ್ಟರ್ ನಕ್ಕ. "ಏನ್ ಮೇಡಂ, ರಜಾ ದಿನಾನೂ ಬಸ್ಸೇನಾ?"

"ಟಿಕೆಟ್ ತಗೊಂಡು ಕೂತ್ರೆ ಹೆಂಗಿರುತ್ತೆ ಅಂತ ನೋಡ್ಬೇಕಿತ್ತು ಮಾರಾಯ."

ಅವಳು ಮೂರ್ತಪ್ಪನನ್ನು ಕಿಟಕಿಯ ಕಡೆ ಕೂರಿಸಿ ತಾನು ಈಚೆ ಕೂತಳು. ಎದ್ದು ಹೋಗಲು ದಾರಿಯಿರಲಿಲ್ಲ.

ಭದ್ರಾವತಿಯ ಸಾಲು ಮನೆಗಳಲ್ಲಿ ಕೊನೆಯದು ಕರಿಯಣ್ಣನದು. ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡಿದ್ದ. ಸಂಘಮಿತ್ರಾ ತಾನು ಯಾರೆಂದು ಹೇಳಿದಳು, ಯಾಕೆ ಬಂದೆನೆಂದು ಹೇಳಿದಳು. ಅವನು ಬಾಯಿ ತೆರೆದ. ಗಾಳಿ ಮಾತ್ರ ಬಂತು.

ಸಂಘಮಿತ್ರಾ ಮೂರ್ತಪ್ಪನ ಕಡೆ ತಿರುಗಿದಳು. "ನಿಮ್ಗೆ ಗೊತ್ತಿತ್ತು ಅಲ್ವಾ?"

ಅವನು ಬಾಗಿಲ ಕಡೆ ಹೊರಳಿದ. ಅಷ್ಟರಲ್ಲಿ ಕರಿಯಣ್ಣ ಎದ್ದು ಮಂಚದ ಕೆಳಗಿನಿಂದ ಹಳೆಯ ಹಗ್ಗದ ಸುರುಳಿ ಎಳೆದ. ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿದ. ಮುಂದೆ ತಾನು ಹಿಡಿದು, ಹಿಂದಿನ ತುದಿಯನ್ನು ಮೂರ್ತಪ್ಪನ ಕೈಗೆ ತುರುಕಿದ. ತುಟಿ ಆಡಿಸುತ್ತ ಹಿಮ್ಮಡಿಯಿಂದ ನೆಲ ಒದ್ದ, ಎಳೆದ.

"ಎದ್ದಿತೋ, ಎಳಿ ಅಣ್ಣಾ!"

ಮೂರ್ತಪ್ಪನ ಬಾಯಿ ತಾನಾಗಿ ತೆರೆದುಕೊಂಡಿತು. ಅಂಗೈಗೆ ಹಗ್ಗ ತಾಗಿದ ಮೇಲೆ ಅದು ಅವನ ಮಾತು ಕೇಳಲಿಲ್ಲ. ಕಂಬ ಮುರಿಯಿತು, ಚುಕ್ಕಾಣಿ ಕಳಚಿತು. ಇಬ್ರಾಹಿಂ, ಎಳಿ ಅಣ್ಣಾ. ಕೊರಗಪ್ಪ, ಎಳಿ ಅಣ್ಣಾ. ಎಳಿಯೋರ ಅರ್ಧದಲ್ಲೇ ಎಲ್ಲ ಹೆಸರುಗಳೂ ಇದ್ದವು. ಇದ್ದೇ ಇದ್ದವು.

ಕರಿಯಣ್ಣ ಮತ್ತೆ ಒದ್ದ. ಮೂರ್ತಪ್ಪ ಬಾಯಿ ಮುಚ್ಚಿಕೊಂಡ.

ಖಲಾಸಿಗಳದ್ದೊಂದು ನಿಯಮವಿದೆ. ತಂಡ ಉತ್ತರ ಕೊಡುವವರೆಗೆ ಮೇಸ್ತ್ರಿ ಮುಂದಿನ ಸಾಲಿಗೆ ಹೋಗುವುದಿಲ್ಲ, ಹಗ್ಗವನ್ನೂ ಸಡಿಲಿಸುವುದಿಲ್ಲ. ಕರಿಯಣ್ಣ ಎರಡನೆಯ ಸಲ ಒದ್ದ. ಮೂರನೆಯ ಸಲ ಒದ್ದ. ವಯಸ್ಸು ಎಪ್ಪತ್ತೆಂಟು, ಹಗ್ಗ ಬಿಡಲಿಲ್ಲ. ನಾಲ್ಕನೆಯ ಸಲ ಮೂರ್ತಪ್ಪ ಕಣ್ಣು ಮುಚ್ಚಿದ.

"ಜಯಪ್ಪಾ... ಎಳಿ ಅಣ್ಣಾ!"

ಹಗ್ಗ ಸಡಿಲವಾಯಿತು. ಸಂಘಮಿತ್ರಾ ಫೋನು ಇಳಿಸಿದಳು. ಅಳಲಿಲ್ಲ.

"ಇದನ್ನೇ ಠಾಣೇಲಿ ಹೇಳ್ತೀರಾ ದೊಡ್ಡಪ್ಪಾ? ಆ ಸಹಿ ಸುಳ್ಳು ಅಂತ?"

"ಮೇಸ್ತ್ರಿಗೆ ಸ್ವರ ಇಲ್ಲ. ನಾನೊಬ್ನೇ ಹೇಳಿದ್ರೆ ಮುದುಕನಿಗೆ ಅರಳುಮರಳು ಅಂತಾರೆ ತಾಯಿ. ಧರ್ಮಪ್ಪನ ಮಗ ಸಂಜೆಗೇ ಬೀಗ ಬದಲಾಯಿಸ್ತಾನೆ."

"ಜೊತೆಗೆ ಯಾರಾದ್ರೂ ಬಂದ್ರೆ?"

ಮೂರ್ತಪ್ಪ ಹಗ್ಗವನ್ನು ಸರಳಿನಿಂದ ಬಿಚ್ಚಿ ಸುರುಳಿ ಸುತ್ತಿದ. "ಇನ್ನೊಬ್ಬ ಹಗ್ಗ ಹಿಡಿದೋನು ಬಂದ್ರೆ ಬರ್ತೀನಿ."

ಅಂದು ಸಂಜೆ ಅವನು ಎಂದಿನಂತೆ ಗೇಟಿಗೆ ಒಳಗಿನಿಂದ ಬೀಗ ಹಾಕಿದ. ಕೀಲಿ ಅವನ ಜೇಬಿನಲ್ಲೇ ಇದೆ. ಹೊರಗೆ ಹೋಗಲಾಗುತ್ತಿಲ್ಲ.

ಅವನನ್ನು ಕ್ಷಮಿಸಿ ಎಂದು ಕೇಳಲು ಇದನ್ನು ಬರೆದದ್ದಲ್ಲ. ಆದರೆ ಆ ದಿನ ಮೇಸ್ತ್ರಿಯನ್ನು ಬಿಟ್ಟು ಹಗ್ಗ ಹಿಡಿದವರು ಹತ್ತು ಜನ. ಒಬ್ಬ ಸತ್ತ, ಒಬ್ಬ ಸಹಿ ಹಾಕಿದ. ಉಳಿದ ಎಂಟು ಜನ ಸುಮ್ಮನೆ ಮನೆಗೆ ಹೋಗಿ ಉಂಡರು. ಮೊಮ್ಮಕ್ಕಳ ನಡುವೆ ಕೂತು ಅವರಲ್ಲಿ ಯಾರಾದರೂ ಇದನ್ನು ಓದಿಸಿಕೊಂಡು ಕೇಳುತ್ತಿರಬಹುದು. ನಿಮ್ಮ ಮನೆಯಲ್ಲಿ ಹಲಗೆಯಂಥ ಅಂಗೈಯ ಮುದುಕನೊಬ್ಬನಿದ್ದರೆ ಪತ್ರಿಕೆ ಕೆಳಗಿಡಿ. ಅವನ ಎದುರು ಕೂತು ಕೇಳಿ: ಹಡಗಿನ ಹಾಡಿನಲ್ಲಿ ಕೊರಗಪ್ಪನ ನಂತರದ ಹೆಸರು ಯಾರದು? ಅವನು ಉತ್ತರ ಕೊಡುವವರೆಗೆ ಏಳಬೇಡಿ.