ಉಮಿ ತುಂಬಿದ ಡ್ರಮ್ಮು

ಆಗೆಲ್ಲ ನರಸಿಂಹರಾಜಪುರದ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದು ಅಜ್ಜಿಯ ಕೆಮ್ಮಿನಿಂದ. ಚಳಿಗಾಲದಲ್ಲಿ ಎಲ್ಲರಿಗಿಂತ ಮೊದಲು ಎದ್ದು, ಬಚ್ಚಲೊಲೆಗೆ ಬೆಂಕಿ ಹಾಕಿ, ನಮ್ಮೆಲ್ಲರ ಸ್ನಾನಕ್ಕೆ ಹಂಡೆ ಕಾಯಿಸುವುದು ಅವಳ ಕೆಲಸ. ಇಬ್ಬನಿ ಕುಡಿದ ಸೌದೆ ಬೇಗ ಹತ್ತುತ್ತಿರಲಿಲ್ಲ. ಅಜ್ಜಿ ಊದುವಳು, ಕೆಮ್ಮುವಳು, ಮತ್ತೆ ಊದುವಳು. ಆ ವರ್ಷ ಕೆಮ್ಮು ಉಬ್ಬಸಕ್ಕೆ ತಿರುಗಿತು. ಹೊಗೆಯ ಹತ್ತಿರ ಹೋಗಲೇಬಾರದೆಂದು ಡಾಕ್ಟರು ಹೇಳಿದರು. ಅಜ್ಜಿ ಕೇಳಬೇಕಲ್ಲ!

"ನೀವು ಮಲಗಿ ಅತ್ತೆ, ನಾನು ಕಾಯಿಸ್ತೀನಿ" ಎಂದಳು ಅಮ್ಮ.

"ಅಡುಗೆ ಮಾಡ್ತೀಯೋ, ಅಂಗನವಾಡಿಗೆ ಓಡ್ತೀಯೋ? ಸುಮ್ನಿರು ಮಾರಾಯ್ತಿ."

ಆಟವಾಡಿ ಮಣ್ಣಾಗಿ ಬರುವ ನನಗಾಗಿ ಸಂಜೆ ಅಮ್ಮ ಇನ್ನೊಮ್ಮೆ ನೀರು ಕಾಯಿಸುತ್ತಿದ್ದಳು. ಅಷ್ಟು ಕೆಂಡ ಸುಮ್ಮನೆ ಆರಿಹೋಗುವುದನ್ನು ಅಮ್ಮ ಒಂದು ದಿನ ನೋಡುತ್ತಾ ನಿಂತಳು. "ಈ ಬಿಸಿನೇ ಬೆಳಗಿನ ತನಕ ಇಟ್ಕೊಂಡ್ರೆ ಎಂತ?" ಎಂದಳು. ಅಪ್ಪ ನಕ್ಕರು. ಆದರೂ ಗುಜರಿಯಿಂದ ಒಂದು ದೊಡ್ಡ ಡ್ರಮ್ಮು, ಒಂದು ಚಿಕ್ಕ ಡ್ರಮ್ಮು ತಂದರು.

ದೊಡ್ಡದರೊಳಗೆ ಚಿಕ್ಕದನ್ನಿಟ್ಟು, ಹೊರಕ್ಕೊಂದು ನಲ್ಲಿ ಕೂರಿಸಿದರು. ಬಿಸಿ ಹೊರಹೋಗದಂತೆ ಸುತ್ತಲಿನ ಸಂದಿಗೆ ಅಕ್ಕಿ ಗಿರಣಿಯ ಉಮಿ ತುಂಬುವುದು ನನ್ನ ಪಾಲಿಗೆ ಬಂತು. ಕೂದಲು, ಕುತ್ತಿಗೆ, ಲಂಗದ ನೆರಿಗೆಯಲ್ಲೆಲ್ಲ ಉಮಿ; ತುರಿಸಿಕೊಂಡಷ್ಟೂ ತುರಿಕೆ. ಮುಚ್ಚಲು ಹಲಗೆ, ಅದರ ಮೇಲೆ ಹಳೆ ಕಂಬಳಿ.

ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. "ನಾ ಕಾಯಿಸಿದ ನೀರು ಬೇಡ ಆಯ್ತಾ ನಿಮಗೆ?"

ಅಮ್ಮನ ಕೈ ನಿಂತಿತು. "ನೀವು ಬೇಕು ಅಂತ್ಲೇ ಅತ್ತೆ ಇಷ್ಟೆಲ್ಲ."

ಆ ಸಂಜೆ ಕುದಿಯುವ ನೀರನ್ನು ಕೊಡಕೊಡವಾಗಿ ಡ್ರಮ್ಮಿಗೆ ಸುರಿದೆವು. ಬೆಳಿಗ್ಗೆ ನೋಡಿದರೆ ನಲ್ಲಿಯ ಬುಡದಲ್ಲಿ ಸೋರಿ ಉಮಿಯೆಲ್ಲ ಒದ್ದೆ, ಒಳಗಿನ ನೀರು ತಣ್ಣಗೆ. ಅಮ್ಮ ಬಚ್ಚಲ ಮೆಟ್ಟಿಲ ಮೇಲೆ ಕೂತು ಅತ್ತೇ ಬಿಟ್ಟಳು. ಅಜ್ಜಿ ಒಲೆ ಹೊತ್ತಿಸಿ, ಉಸಿರು ಸುಧಾರಿಸಿಕೊಂಡು, ಅವಳ ಬೆನ್ನ ಮೇಲೆ ಕೈಯಿಟ್ಟಳು.

"ಅಳ್ತಾ ಕೂತ್ರೆ ಉಮಿ ಒಣಗ್ತದಾ? ಅಂಗಳದಲ್ಲಿ ಹರಡು, ಬಿಸಿಲು ಬರ್ತದೆ."

ಹರಡಿದ ಉಮಿಗೆ ಕೋಳಿ ಬಾಯಿ ಹಾಕದಂತೆ, ಮೂಗಿಗೆ ಸೆರಗು ಹಿಡಿದು ದೂರದಲ್ಲಿ ಕಾವಲು ಕೂತವಳೂ ಅವಳೇ. ಅಪ್ಪ ನಲ್ಲಿಗೆ ವೆಲ್ಡಿಂಗ್ ಮಾಡಿಸಿ ತಂದರು. ಉಮಿ ಗರಿಗರಿ ಒಣಗಿದ ಮೇಲೆ ಮತ್ತೆ ತುಂಬಿ, ಮತ್ತೆ ನೀರು ಸುರಿದೆವು.

ಮಾರನೆಯ ಬೆಳಿಗ್ಗೆ ನನಗೆ ಎಚ್ಚರವಾದಾಗ ಮನೆಯಲ್ಲಿ ಸದ್ದೇ ಇಲ್ಲ. ಕೆಮ್ಮಿಲ್ಲ. ಹೆದರಿ ಅಜ್ಜಿಯ ಕೋಣೆಗೆ ಓಡಿದೆ. ಅಮ್ಮ ಅಲ್ಲೇ ನಿಂತಿದ್ದಳು, ತುಟಿಯ ಮೇಲೆ ಬೆರಳಿಟ್ಟು. ಅಜ್ಜಿ ಬಾಯಿ ತೆರೆದು ಗಾಢ ನಿದ್ದೆಯಲ್ಲಿದ್ದಳು. ಹೊದಿಕೆ ನಿಧಾನವಾಗಿ ಏರಿ ಇಳಿಯುತ್ತಿತ್ತು. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದೆವು. ಹಬೆ ಎದ್ದಿತು. ಅಜ್ಜಿಗೆ ಎಚ್ಚರವಾದೀತೆಂದು ನಾವಿಬ್ಬರೂ ಸದ್ದಿಲ್ಲದೆ ಕುಣಿದೆವು.

ಆಮೇಲೆ ಅಜ್ಜಿಯ ಬೆಳಗುಗಳೆಲ್ಲ ನನ್ನವಾದವು. ಸ್ನಾನ ಮಾಡಿ ಬಂದರೆ ಜಗಲಿಯ ಎಳೆಬಿಸಿಲಲ್ಲಿ ಕೂರಿಸಿಕೊಂಡು, ನನ್ನ ತಲೆ ಒರೆಸಿ, ಸಿಕ್ಕು ಬಿಡಿಸಿ, ತಾನು ಹುಡುಗಿಯಾಗಿದ್ದಾಗಿನ ಕತೆ ಹೇಳುತ್ತಾ ಜಡೆ ಹೆಣೆಯುವಳು.

ಅಜ್ಜಿ ಹೋಗಿ ಎಷ್ಟೋ ಕಾಲವಾಯಿತು. ಈಗ ನನ್ನ ಮನೆಯಲ್ಲಿ ಸ್ವಿಚ್ಚು ಒತ್ತಿದರೆ ಬಿಸಿನೀರು. ಮಗಳು ಒದ್ದೆ ಕೂದಲಲ್ಲೇ ಸ್ಕೂಲ್ ವ್ಯಾನ್ ಹತ್ತುತ್ತಾಳೆ. ಒರೆಸಿಕೊಡಲು ನನಗೆ ಪುರುಸೊತ್ತಿಲ್ಲ.