ಲಿಫ್ಟ್ ಇರುವ ರೂಮು

ನನ್ನವರು ಯೂರೋವನ್ನು ಮಸಾಲೆದೋಸೆಗೆ ಇಳಿಸಿಯೇ ಅರ್ಥಮಾಡಿಕೊಳ್ಳುವುದು. ನಾಸಿಕ್‌ನ ನಮ್ಮ ಸಣ್ಣ ಹೋಟೆಲಿನ ದುಡ್ಡಿನ ಗಲ್ಲೆಯ ಮೇಲೆ ಕೂತೂ ಕೂತೂ ತಲೆ ನರೆತ ಮನುಷ್ಯ. ಬೇರೆ ಲೆಕ್ಕ ಅವರಿಗೆ ಹಿಡಿಸುವುದೇ ಇಲ್ಲ.

"ಮಾಲ್ಟಾದಲ್ಲಿ ಸಿಟಿ ಬಸ್ಸಿಗೆ ಎರಡೂವರೆ ಮಸಾಲೆ," ಎಂದರು ಒಂದು ಮಧ್ಯಾಹ್ನ, ಊಟದ ರಶ್ ಇಳಿದ ಮೇಲೆ ಮನೆಗೆ ಬಂದು. ನಮ್ಮ ಮನೆ ಹೋಟೆಲಿನ ಮೇಲೆಯೇ, ಎರಡನೇ ಮಾಳಿಗೆಯಲ್ಲಿ. "ಹಳೇ ದೇವಸ್ಥಾನ ನೋಡ್ಲಿಕ್ಕೆ ಹನ್ನೆರಡು ಮಸಾಲೆ. ಒಳಗೆ ಎಂತ ಉಂಟಂತೆ?"

"ಕಲ್ಲು," ಅಂದೆ. "ತುಂಬಾ ಹಳೇ ಕಲ್ಲುಗಳಂತೆ."

"ಎಲ್ಲೋರದಲ್ಲಿ ಇಡೀ ಗುಡ್ಡವೇ ಅರ್ಧ ಮಸಾಲೆಗೆ ಸಿಕ್ತದೆ ಮಾರಾಯ್ತಿ."

ನಗು ಬಂತು, ನಕ್ಕೆ ಕೂಡ. ಆದರೆ ನಗುವಾಗಲೂ ನನ್ನ ಒಂದು ಕಿವಿ ಅವರ ಉಸಿರಿನ ಮೇಲೇ ಇತ್ತು. ಮೆಟ್ಟಿಲು ಹತ್ತಿ ಬಂದು, ಕೈಕಾಲು ತೊಳೆದು, ನೀರು ಕುಡಿದೂ ಆಗಿತ್ತು. ಇನ್ನೂ ಯಾಕೆ ಮಾತಿನ ನಡುವೆ ನಿಂತು ಗಾಳಿ ಎಳೆದುಕೊಳ್ಳುತ್ತಿದ್ದಾರೆ?

ಎರಡು ವರ್ಷದ ಹಿಂದೆ ಇವರ ಹೃದಯದ ರಕ್ತನಾಳವೊಂದಕ್ಕೆ ಸ್ಟೆಂಟ್ ಹಾಕಿದ್ದರು. ಆವತ್ತು ಹತ್ತಿಕೊಂಡ ಭಯ ಆಮೇಲೆ ಮನೆಯ ಸಾಮಾನುಗಳಲ್ಲಿ ಒಂದಾಗಿಹೋಯಿತು. ಬೆಳಿಗ್ಗೆ ಹಾಲು ಕಾಯಿಸುವಾಗ ಬಚ್ಚಲಲ್ಲಿ ತಂಬಿಗೆಯ ಸದ್ದು ನಿಂತರೆ ಗ್ಯಾಸ್ ಸಣ್ಣ ಮಾಡಿ ಕಿವಿಗೊಡುತ್ತೇನೆ. ಸದ್ದು ಮತ್ತೆ ಶುರುವಾದರೆ ಗ್ಯಾಸ್ ದೊಡ್ಡದು ಮಾಡುತ್ತೇನೆ. ಹೀಗೆ ಎಷ್ಟು ಸಲ ಹಾಲು ಉಕ್ಕಿದೆಯೋ.

ಉಡುಪಿ ಕಡೆಯ ಹೋಟೆಲಿನವರ ಮನೆಯಲ್ಲಿ ಮೆಡಿಟರೇನಿಯನ್ ಸಮುದ್ರದ ಮಾತು ಬಂದದ್ದು ನನ್ನಿಂದ. ನಮ್ಮೂರ ಕಾನ್ವೆಂಟಿನಲ್ಲಿ ಭೂಗೋಳ ಕಲಿಸುತ್ತಿದ್ದ ವಯಸ್ಸಾದ ಸಿಸ್ಟರ್ ಒಬ್ಬರು ಎಳೆಯ ಪ್ರಾಯದಲ್ಲಿ ಮಾಲ್ಟಾ ದ್ವೀಪದಲ್ಲಿ ಕೆಲವು ಕಾಲ ಇದ್ದವರು. ಭೂಪಟದಲ್ಲಿ ಅದು ನೊಣ ಕೂತ ಗುರುತಿನಷ್ಟೇ ಕಾಣುತ್ತಿತ್ತು. ಆ ಗುರುತಿನ ಮೇಲೆ ಬೆರಳಿಟ್ಟು ಸಿಸ್ಟರ್ ಹೇಳುತ್ತಿದ್ದರು: ಆ ದ್ವೀಪದಲ್ಲಿ ಒಂದೂ ನದಿಯಿಲ್ಲ, ಬೀದಿಗಳೇ ಮೆಟ್ಟಿಲುಗಳು, ಮನೆಮನೆಗೂ ಬಣ್ಣದ ಮರದ ಬಾಲ್ಕನಿ, ಗೋಡೆಗೆ ಕಪಾಟು ಅಂಟಿಸಿದ ಹಾಗೆ. ಎರಡು ಹೆಜ್ಜೆಗೊಂದು ಹೊಳೆ ದಾಟಿ ಶಾಲೆಗೆ ಬರುತ್ತಿದ್ದ ನನಗೆ ನದಿಯಿಲ್ಲದ ಊರು ಎಂಬುದೇ ಒಂದು ಕಥೆ. ಮದುವೆಯಾದ ಹೊಸದರಲ್ಲಿ ಇದನ್ನು ಇವರಿಗೆ ಹೇಳಿದ್ದೆ. ಇವರು ದೋಸೆಹಿಟ್ಟಿನ ಡಬ್ಬಿ ಮುಚ್ಚುತ್ತ ಹೂಂಗುಟ್ಟಿದ್ದರು. ಕೇಳಿಸಿಕೊಂಡಿದ್ದಾರೆಂದು ನಾನು ಎಣಿಸಿರಲಿಲ್ಲ.

ಸ್ಟೆಂಟ್ ಹಾಕಲು ಒಳಗೆ ಒಯ್ಯುವಾಗ, ಗಾಲಿಮಂಚದ ಮೇಲೆ ಮಲಗಿಕೊಂಡೇ ಹೇಳಿದರು: "ಇದರಿಂದ ಎದ್ದರೆ ನಿನ್ನ ಸಿಸ್ಟರಿನ ದ್ವೀಪಕ್ಕೆ ಹೋಗುವ."

ಎದ್ದರು. ಎರಡು ವರ್ಷ ಆ ಸುದ್ದಿಯೇ ಇಲ್ಲ. ಕಳೆದ ಚಳಿಗಾಲದಲ್ಲಿ ಮಾತ್ರ ಇದ್ದಕ್ಕಿದ್ದ ಹಾಗೆ ಅವಸರ ಹತ್ತಿತು. ಮಾರ್ಚ್‌ನಲ್ಲೇ ಹೋಗಬೇಕು, ವೀಸಾಕ್ಕೆ ಈಗಲೇ ಕೊಡಬೇಕು. ಮದುವೆಮನೆಯ ಅಡಿಗೆಗೂ ಮೂರು ಸಲ ಯೋಚಿಸಿ ಒಪ್ಪಿಕೊಳ್ಳುವ ಮನುಷ್ಯ. ನಾನು, "ಮುಂದಿನ ವರ್ಷ ಮಗಳ ಓದು ಮುಗೀತದಲ್ಲ, ಆಗ ಮೂವರೂ ಹೋಗುವ," ಅಂದರೆ, "ಮುಂದಿನ ವರ್ಷ ಯಾರು ಕಂಡದ್ದು," ಎಂದು ಎದ್ದುಹೋದರು. ಪುಣೆಯಲ್ಲಿ ಓದುವ ಮಗಳಿಗೆ ಫೋನ್ ಮಾಡಿ ಹೇಳಿದೆ. ಅವಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಬಾಯಿ ತೆರೆದರೆ ಬರುವುದು ಮರಾಠಿ. "ಅಮ್ಮಾ, ಟೆನ್ಶನ್ ನಕೋ ಘೇವೂ," ಎಂದು ನಕ್ಕಳು. ಟೆನ್ಶನ್ ತಗೋಬೇಡ ಎಂದು ಹೇಳುವುದು ಎಲ್ಲ ಭಾಷೆಯಲ್ಲೂ ಸುಲಭ.

ನಮ್ಮಲ್ಲಿ ದೊಡ್ಡ ಖರ್ಚು ಯಾವುದಿದ್ದರೂ ಭಾವನ ಎದುರು ಕೂತು ಹೇಳಿಯೇ ಮಾಡಬೇಕು. ಭಾವ ಅಂದರೆ ಇವರ ಅಣ್ಣ. ಛತ್ರಪತಿ ಸಂಭಾಜಿನಗರದಲ್ಲಿ ಅವರದೊಂದು ಹೋಟೆಲು, ನಾಸಿಕ್‌ನಲ್ಲಿ ನಮ್ಮದು. ಎರಡರದ್ದೂ ಬಂಡವಾಳ ಒಂದೇ. ಭಾವ ಒಮ್ಮೆ ಗುಂಪಿನ ಜತೆ ಯುರೋಪ್ ತಿರುಗಿ ಬಂದವರಾದ್ದರಿಂದ ಅಲ್ಲಿಯ ಖರ್ಚಿನ ಅಂದಾಜೂ ಅವರಿಗಿತ್ತು. ಒಂದು ಭಾನುವಾರ ಕಾರಿನಲ್ಲಿ ಹೊರಟೆವು.

ಆ ರಸ್ತೆ ನನಗೆ ಬೇಡ. ಸ್ಟೆಂಟ್ ಹಾಕಿದ ವರ್ಷ ಇದೇ ದಾರಿಯಲ್ಲಿ, ವೈಜಾಪುರ ಬರುತ್ತಿದ್ದ ಹಾಗೆ, ಇವರು ಕಾರನ್ನು ಬದಿಗೆ ನಿಲ್ಲಿಸಿ, "ಗ್ಯಾಸ್ ಆಗಿದೆ, ಒಂದು ಸೋಡಾ ಕುಡೀತೇನೆ," ಎಂದು ಇಳಿದಿದ್ದರು. ಅಂಗಡಿಯ ಬೆಂಚಿನ ಮೇಲೆ ಕೂತವರಿಗೆ ಏಳಲಾಗಲಿಲ್ಲ. ಅಂಗಡಿಯವನೇ ಕಾರು ಓಡಿಸಿಕೊಂಡು ಸಂಭಾಜಿನಗರದ ಆಸ್ಪತ್ರೆಯ ಬಾಗಿಲವರೆಗೆ ಬಿಟ್ಟದ್ದು. ಅಂದಿನಿಂದ ವೈಜಾಪುರ ಎಂಬ ಬೋರ್ಡು ಕಂಡರೆ ನಾನು ಸೀಟಿನ ಅಂಚು ಹಿಡಿದುಕೊಳ್ಳುತ್ತೇನೆ.

ಈ ಸಲವೂ ಹಿಡಿದುಕೊಂಡೆ. ಬೋರ್ಡು ದಾಟಿತು. ಉಸಿರು ಬಿಡುವಷ್ಟರಲ್ಲಿ ಕಾರು ಮೆಲ್ಲಗಾಯಿತು.

"ಎಂತಾಯ್ತು?"

"ಎಂತ ಇಲ್ಲ. ಒಂದು ಸೋಡಾ."

ನಿಂತುಕೊಂಡೇ ಕುಡಿದರು. ಬಾಟ್ಲಿ ಹಿಡಿದ ಕೈ ನಡುಗಲಿಲ್ಲ, ಬೆವರಿರಲಿಲ್ಲ. ನಾನು ಎಲ್ಲ ನೋಡಿದೆ. ಕುಡಿದು ಮುಗಿದ ಮೇಲೂ ಖಾಲಿ ಬಾಟ್ಲಿ ಹಿಡಿದು ರಸ್ತೆ ನೋಡುತ್ತ ಸ್ವಲ್ಪ ಹೊತ್ತು ನಿಂತರು. ಕಾರಿಗೆ ಬಂದು ಕೂತು, "ಹೀಗೆ ನೋಡ್ಬೇಡ ಮಾರಾಯ್ತಿ, ಸೋಡಾ ಕುಡಿದವರೆಲ್ಲ ಸಾಯುವುದಿಲ್ಲ," ಎಂದರು.

ಭಾವನ ಬಿಲ್ಡಿಂಗಿನ ಲಿಫ್ಟ್ ಕೆಟ್ಟಿತ್ತು. ಇವರು ಪ್ರತಿ ತಿರುವಿನಲ್ಲೂ ನಿಂತು ಜೇಬಿನಿಂದ ಫೋನ್ ತೆಗೆದು ನೋಡಿದರು. ನಾಸಿಕ್‌ನಲ್ಲಿ ಮೆಟ್ಟಿಲ ಮೇಲೆ ನಿಂತು ಕೀ ಹುಡುಕುತ್ತಾರೆ. ಇಲ್ಲಿ ಬೀಗ ತೆಗೆಯುವುದಿರಲಿಲ್ಲ, ಅದಕ್ಕೇ ಫೋನು. ಫೋನಿನ ಪರದೆ ಹೊತ್ತಿರಲಿಲ್ಲ. ಹಿಂದಿನ ಮೆಟ್ಟಿಲಲ್ಲಿದ್ದ ನನಗೆ ಅದು ಕಂಡಿತು. ಕರೆಯಬೇಕೆಂದುಕೊಂಡೆ, ಅಷ್ಟರಲ್ಲಿ ಭಾವ ಬಾಗಿಲು ತೆರೆದು, "ಬಂದ್ರಾ ಫಾರಿನ್ ಪಾರ್ಟಿ," ಅಂದುಬಿಟ್ಟರು.

ಊಟವಾದ ಮೇಲೆ ಲೆಕ್ಕಕ್ಕೆ ಕೂತೆವು. ಇವರ ಕತ್ತರಿ ಎಲ್ಲದಕ್ಕೂ ಬಿತ್ತು. ಹಡಗಿನ ಸುತ್ತಾಟ ಬೇಡ. ಮಧ್ಯಾಹ್ನದ ಊಟ ಹೊರಗೆ ಬೇಡ: ಚಟ್ನಿಪುಡಿ, ಅವಲಕ್ಕಿ, ಉಪ್ಪಿಟ್ಟಿಗೆ ಹುರಿದ ರವೆ ಒಯ್ಯುವುದು. ಕಾಫಿ ಎರಡು ಮಸಾಲೆ ಬೀಳುತ್ತದೆಂದು ಕಾಫಿಪುಡಿಯೂ ಫಿಲ್ಟರೂ ಪೆಟ್ಟಿಗೆಗೆ. "ಹಾಗಾದ್ರೆ ಗ್ರೈಂಡರೂ ಹೊತ್ಕೊಂಡು ಹೋಗು, ಖರ್ಚು ಅಲ್ಲೇ ಹುಟ್ಟಿಸಿಕೊಂಡು ಬರಬಹುದು," ಎಂದರು ಭಾವ. ಅಕ್ಕ, ಅಂದರೆ ಭಾವನ ಹೆಂಡತಿ, ಬಾಯಿಗೆ ಸೆರಗು ಹಿಡಿದು ನಕ್ಕರು.

ರೂಮಿನ ವಿಷಯ ಬಂತು. ಭಾವ ಫೋನಿನಲ್ಲಿ ಎರಡು ತೋರಿಸಿದರು. ಒಂದು ಹಳೇ ಊರಿನೊಳಗೆ, ನಮ್ಮ ಸಿಸ್ಟರ್ ಹೇಳಿದ ಬಣ್ಣದ ಬಾಲ್ಕನಿಯ ಮನೆ, ಅಗ್ಗ. ಇನ್ನೊಂದು ಕೆಳಗೆ, ದೋಣಿ ನಿಲ್ಲುವ ಕಡೆ. ಹೊಸ ಕಟ್ಟಡ, ಬಾಲ್ಕನಿಯೂ ಇಲ್ಲ, ಬಾಡಿಗೆ ಹೆಚ್ಚುಕಡಿಮೆ ಇಮ್ಮಡಿ.

"ಇದು," ಎಂದು ಇವರು ಎರಡನೆಯದರ ಮೇಲೆ ಬೆರಳಿಟ್ಟರು.

"ತಲೆ ಸರಿ ಉಂಟಾ?" ಎಂದರು ಭಾವ. "ಕಾಫಿಗೆ ಅಳ್ತಿ, ಇಲ್ಲಿ ಇಮ್ಮಡಿ ಸುರೀತಿ."

"ಇದಕ್ಕೆ ಲಿಫ್ಟ್ ಉಂಟು."

"ಆ ಬಾಲ್ಕನಿ ಮನೆ ಬರೀ ಎರಡನೇ ಮಾಳಿಗೆ ಮಾರಾಯ. ನಿನ್ನ ಮನೆಯೂ ಎರಡನೇ ಮಾಳಿಗೆ ಅಲ್ವಾ?"

ಇವರು, ವಿಮಾನ ನಿಲ್ದಾಣದಿಂದ ರೂಮಿಗೆ ಬಸ್ಸು ಬೇಡ, ಟ್ಯಾಕ್ಸಿ ಇರಲಿ ಎಂದರು. ಎರಡೂವರೆ ಮಸಾಲೆಯ ಬಸ್ಸು ಬಿಟ್ಟು ಮೂವತ್ತು ಮಸಾಲೆಯ ಟ್ಯಾಕ್ಸಿ. ನನ್ನವರು ಬಸ್ಸಿನಲ್ಲಿ ಬಂದಾಗಲೂ ಸಂಭಾಜಿನಗರದ ಸ್ಟ್ಯಾಂಡಿನಿಂದ ಇಲ್ಲಿಗೆ ಒಮ್ಮೆಯೂ ರಿಕ್ಷಾ ಮಾಡಿದವರಲ್ಲ. ಅಕ್ಕ ತಂದಿಟ್ಟ ಚಕ್ಕುಲಿ ನನ್ನ ಕೈಯಲ್ಲೇ ಉಳಿಯಿತು. ಈ ಮನುಷ್ಯ ಪ್ರವಾಸಕ್ಕೆ ಅವಸರ ಮಾಡುತ್ತಿರುವುದು ಯಾಕೆಂದು ಆಗ ಹೊಳೆಯಿತು. ನಂಬಬಾರದೆಂದು ಚಕ್ಕುಲಿಯ ಸುತ್ತು ಎಣಿಸಲು ನೋಡಿದೆ.

ಅಷ್ಟರಲ್ಲಿ ಭಾವ ಟ್ರಾವೆಲ್ ಏಜೆಂಟನಿಗೆ ಫೋನ್ ಹಚ್ಚಿ ಮೇಜಿನ ಮೇಲಿಟ್ಟರು, ಎಲ್ಲರಿಗೂ ಕೇಳುವ ಹಾಗೆ. ವೀಸಾ ಬೇಕಾದರೆ ಪ್ರವಾಸದ ವಿಮೆ ಇರಲೇಬೇಕಂತೆ. ಅವನು ವಯಸ್ಸು ಕೇಳಿದ, ದಿನ ಕೇಳಿದ, ಆಮೇಲೆ, "ಕೋಯಿ ಬೀಮಾರಿ?" ಅಂದ. ಕಾಯಿಲೆ ಏನಾದರೂ?

"ಕುಛ್ ನಹೀಂ," ಎಂದರು ಭಾವ, ಲೋಟ ಎತ್ತಿದಷ್ಟೇ ಸಲೀಸಾಗಿ. ಫೋನಿಗೆ ಕೈ ಅಡ್ಡ ಹಿಡಿದು ನಮಗೆ, "ಹಾರ್ಟ್ ಅಂದ್ರೆ ಮೂರು ಪಟ್ಟು ಕೇಳ್ತಾರೆ. ಒಂದು ವಾರದಲ್ಲಿ ಎಂತ ಆಗ್ತದೆ?" ಅಂದರು.

ಇವರು ತಲೆ ಆಡಿಸಿದರು.

ಹಿರಿಯರು ಮಾತಾಡುವಾಗ ನಡುವೆ ಬಾಯಿ ಹಾಕಬಾರದೆಂದು ಮನೆಯಲ್ಲೂ ಕಲಿಸಿದ್ದರು, ಕಾನ್ವೆಂಟಿನಲ್ಲೂ ಕಲಿಸಿದ್ದರು. ಭಾವನ ಎದುರು ನಾನು ಕುರ್ಚಿಗೆ ಒರಗಿ ಕೂತವಳೂ ಅಲ್ಲ. "ಹೈ," ಅಂದೆ, ಇದೆ ಎಂದು. ಸ್ವರ ಎಷ್ಟು ಸಣ್ಣದಾಗಿತ್ತೆಂದರೆ ಫೋನಿನವನಿಗೆ ಕೇಳಲಿಲ್ಲ. ಮುಂದಕ್ಕೆ ಬಾಗಿ ಇನ್ನೊಮ್ಮೆ ಹೇಳಿದೆ. "ಬೀಮಾರಿ ಹೈ. ಸ್ಟೆಂಟ್ ಹೈ."

ಭಾವ ನನ್ನ ಕಡೆ ತಿರುಗಿದರು. ಫೋನಿನವನೊಬ್ಬ ಮಾತ್ರ ತನ್ನ ಕೆಲಸ ಮುಂದುವರಿಸಿದ: ಹಾಗಾದರೆ ಬೇರೆ ಪಾಲಿಸಿ, ರೇಟು ಬೇರೆ, ಜತೆಗೆ ಹೊಸದಾಗಿ ಮಾಡಿಸಿದ ಹಾರ್ಟ್ ಟೆಸ್ಟಿನ ರಿಪೋರ್ಟ್ ಬೇಕು.

"ಆಯ್ತಲ್ಲ," ಎಂದರು ಭಾವ ಫೋನ್ ಇಟ್ಟು. "ನಿನ್ನ ಹೆಂಡ್ತಿ ದ್ವೀಪಕ್ಕೆ ಹೋಗುವ ಮೊದಲೇ ಹಡಗು ಮುಳುಗಿಸಿದ್ಳು."

ಇವರು ಎದ್ದು ಹಿಂದಿನ ಬಾಲ್ಕನಿಗೆ ಹೋದರು. ನಾನೂ ಹೋದೆ. ಅಕ್ಕ ಒಣಹಾಕಿದ್ದ ಬಟ್ಟೆಗಳ ನಡುವೆ ನಮ್ಮಿಬ್ಬರಿಗೆ ನಿಲ್ಲುವಷ್ಟೇ ಜಾಗ.

"ಎಷ್ಟು ದಿನದಿಂದ?" ಎಂದು ಕೇಳಿದೆ.

"ಎಂತದು?"

"ಕೀ ಹುಡುಕುವುದು."

ಟವೆಲಿನ ತುದಿಯನ್ನು ಕ್ಲಿಪ್ಪಿನಿಂದ ಬಿಡಿಸಿ ಮತ್ತೆ ಹಾಕಿದರು. "ದೀಪಾವಳಿಯಿಂದ," ಅಂದರು. "ಹತ್ತುವಾಗ ಮಾತ್ರ ಎದೆ ನೋವು. ನಿಂತ್ರೆ ಹೋಗ್ತದೆ."

"ನನಗೆ ಹೇಳ್ಬೇಕು ಅಂತ ಕಾಣಲಿಲ್ವಾ?"

"ಹೇಳಿದ್ರೆ ಟೆಸ್ಟು. ಟೆಸ್ಟಲ್ಲಿ ಎಂತಾದ್ರೂ ಬಂದ್ರೆ ಅಣ್ಣ ಹೋಟೆಲನ್ನು ಬೇರೆಯವರಿಗೆ ನಡೆಸ್ಲಿಕ್ಕೆ ಕೊಟ್ಟುಬಿಡ್ತಾನೆ, ಹಿಂದಿನ ಸಲವೇ ಹೇಳಿದ್ದ. ಮತ್ತೆ ದ್ವೀಪ ಎಲ್ಲಿಂದ? ಒಮ್ಮೆ ನಿನಗೆ ತೋರಿಸಿ ಬರುವ, ಆಮೇಲೆ ಎಂತ ಬೇಕಾದ್ರೂ ಆಗ್ಲಿ ಅಂತ ಇದ್ದೆ."

ಆಮೇಲೆ ಎಂತ ಬೇಕಾದರೂ. ಇಷ್ಟು ದಿನ ನನಗೆ ಭಯ ಎಂದುಕೊಂಡದ್ದೆಲ್ಲ ಭಯವೇ ಅಲ್ಲ ಅನಿಸಿತು. ಬಟ್ಟೆಯ ಬುಟ್ಟಿಯ ಅಂಚಿನ ಮೇಲೆ ಕೂತೆ.

"ಆ ಊರಲ್ಲಿ ನೀವು ಮೆಟ್ಟಿಲ ಮೇಲೆ ಕೂತು ಏಳದೇ ಹೋದ್ರೆ ನಾನು ಯಾರನ್ನು ಕರೀಲಿ? ಅಲ್ಲಿ ಸೋಡಾ ಅಂಗಡಿಯವನು ಉಂಟಾ?"

ಅವರು ಒದ್ದೆ ಟವೆಲಿನಲ್ಲಿ ಮುಖ ಒರೆಸಿಕೊಂಡರು.

ಮರುದಿನ ಅದೇ ಆಸ್ಪತ್ರೆ. ಹಳೇ ಡಾಕ್ಟರೇ ಇದ್ದರು. ಇವರ ಗಡಿಯಾರ, ಉಂಗುರ, ಕನ್ನಡಕಗಳನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ನಾನು ಹೊರಗೆ ಕೂತೆ. ಒಳಗೆ ಓಡುವ ಪಟ್ಟಿಯ ಮೇಲೆ ನಡೆಸುತ್ತಿದ್ದರು; ಬಾಗಿಲಿನಾಚೆ ಅದರ ಗುಂಯ್ ಎನ್ನುವ ಸದ್ದು, ಅದರ ಮೇಲೆ ಇವರ ಹೆಜ್ಜೆ. ಸದ್ದು ಜೋರಾಯಿತು. ಹೆಜ್ಜೆಯೂ ಜೋರಾಯಿತು. ಆಮೇಲೆ ಎರಡೂ ಒಟ್ಟಿಗೆ ನಿಂತುಬಿಟ್ಟವು. ಬಚ್ಚಲಿನ ತಂಬಿಗೆಯಾದರೆ ನಾನು ಗ್ಯಾಸ್ ಸಣ್ಣ ಮಾಡಬಹುದು. ಇಲ್ಲಿ ಸಣ್ಣ ಮಾಡುವುದಕ್ಕೆ ಏನೂ ಇರಲಿಲ್ಲ. ಕರ್ಚೀಫಿನ ಗಂಟನ್ನು ಕಿವಿಗೆ ಹಿಡಿದೆ, ಗಡಿಯಾರವಾದರೂ ನಡೆಯುತ್ತಿದೆಯೋ ಎಂದು.

ಭಾವ ಹೋಟೆಲಿನಿಂದ ಥರ್ಮಾಸಿನಲ್ಲಿ ಕಾಫಿ ತಂದಿದ್ದರು. ಲೋಟವನ್ನೂ ತಂದಿದ್ದರು. ಬಗ್ಗಿಸದೆ, ಥರ್ಮಾಸನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಾಗಿಲನ್ನೇ ನೋಡುತ್ತಿದ್ದರು.

ಡಾಕ್ಟರು ಹೊರಗೆ ಬಂದು ಕೂತು ಮಾತಾಡಿದರು. ಇನ್ನೊಂದು ನಾಳ ತುಂಬಾ ಸಣ್ಣದಾಗಿರಬೇಕು, ಇವತ್ತೇ ಸೇರಿಸಿ ಎಂದರು. ನಾನು ವಿಮಾನದ ಮಾತು ಎತ್ತಿದೆ. ಅವರು ಕೈ ಆಡಿಸಿ, "ಆಲಾತ್ ತೇ ಬರಂ ಝಾಲಂ," ಎಂದಷ್ಟೇ ಹೇಳಿದರು, ಬಂದದ್ದು ಒಳ್ಳೆಯದಾಯಿತು ಎಂದು. ಭಾವ ಆಗ ಲೋಟಕ್ಕೆ ಕಾಫಿ ಬಗ್ಗಿಸಿ ನನ್ನ ಕೈಗೆ ಕೊಟ್ಟರು. ಭಾವನ ಕೈಯಿಂದ ನಾನು ಕಾಫಿ ಇಸಕೊಂಡದ್ದು ಅದೇ ಮೊದಲು.

ಎರಡನೇ ಸ್ಟೆಂಟ್ ಹಾಕಿದರು. ದ್ವೀಪಕ್ಕೆಂದು ತೆಗೆದಿಟ್ಟದ್ದರಲ್ಲಿ ಹೆಚ್ಚಿನ ಪಾಲು ಆಸ್ಪತ್ರೆಗೆ ಹೋಯಿತು. ಭಾವ ಹೋಟೆಲನ್ನು ಯಾರಿಗೂ ಕೊಡಲಿಲ್ಲ. ತಮ್ಮಲ್ಲಿದ್ದ ಹಳೆಯ ಸಪ್ಲೈಯರ್ ಒಬ್ಬರನ್ನು ನಾಸಿಕ್‌ಗೆ ಕಳಿಸಿ, ಸಂಜೆಯ ಗಲ್ಲೆ ಅವರದು ಎಂದು ಹೇಳಿದರು. ಸಂಜೆ ಇವರು ಮನೆಯಲ್ಲಿರುತ್ತಾರೆ. ಮಳೆಗಾಲ ಮುಗಿದ ಮೇಲೆ ಹೋಗಬಹುದು ಎಂದು ಡಾಕ್ಟರು ಹೇಳಿದ್ದರಿಂದ ಮತ್ತೆ ಲೆಕ್ಕ ಶುರುವಾಗಿದೆ. ವಿಮೆಯ ಹಣವನ್ನು ಈಗ ಎಲ್ಲದಕ್ಕಿಂತ ಮೊದಲು ತೆಗೆದಿಡುತ್ತೇವೆ, ಉಳಿದದ್ದರಲ್ಲಿ ದ್ವೀಪ. ಏಳು ರಾತ್ರಿ ನಾಲ್ಕಾಯಿತು. ಕಲ್ಲಿನ ದೇವಸ್ಥಾನ ಬಿಟ್ಟುಹೋಯಿತು. ಲಿಫ್ಟಿನ ರೂಮು ಉಳಿಯಿತು.

ನನ್ನ ಭಯ ಹೋಗಿದೆಯೆಂದು ಹೇಳಲಾರೆ. ಆ ಊರಿನ ಮೆಟ್ಟಿಲ ಬೀದಿಗಳ ಚಿತ್ರ ನೋಡುವಾಗ ಈಗಲೂ ಮೆಟ್ಟಿಲು ಎಣಿಸುತ್ತೇನೆ. ಮೊನ್ನೆ ಮಧ್ಯಾಹ್ನ ಇವರು ಹತ್ತಿ ಬರುವ ಸದ್ದು ಕೇಳುತ್ತ ಹುಳಿಗೆ ಒಗ್ಗರಣೆ ಹಾಕುತ್ತಿದ್ದೆ. ಮೊದಲ ತಿರುವಿನಲ್ಲಿ ಹೆಜ್ಜೆ ನಿಂತಿತು. ಗ್ಯಾಸ್ ಆರಿಸಿ, ಸೌಟು ಕೈಯಲ್ಲೇ ಹಿಡಿದು ಬಾಗಿಲಿಗೆ ಓಡಿ ಕೆಳಗೆ ಬಗ್ಗಿದೆ.

ಗೋಡೆಗೆ ಒಂದು ಕೈ ಕೊಟ್ಟು ನಿಂತಿದ್ದರು. ತಲೆ ಎತ್ತಿ ನನ್ನನ್ನೂ ಸೌಟನ್ನೂ ನೋಡಿದರು.

"ಕೀ ಹುಡುಕ್ತಾ ಇಲ್ಲ," ಅಂದರು. "ನೋವೂ ಇಲ್ಲ. ಸುಸ್ತಾಯ್ತು, ನಿಂತಿದ್ದೇನೆ."

"ನಿಲ್ಲಿ," ಅಂದೆ. ಅವರು ಹೊರಡುವವರೆಗೂ ನಾನೂ ಅಲ್ಲೇ ನಿಂತೆ.