ಡ್ರಿಕಾಳ ಹಿಂದಿನ ಚಕ್ರ

ನಮ್ಮ ಊರಿನ ಅಂಗಡಿಯ ಬಾಗಿಲಲ್ಲಿ ಹದಿನೇಳು ವರ್ಷದಿಂದ ಕೂತಿರುವ ಡ್ರಿಕಾ ಒಬೀಸ್ ಯಾರನ್ನೂ ನಂಬುವವಳಲ್ಲ. ಹೊರಗೆ ಹೋಗುವವರ ಚೀಲ ತಡಕಿ, ಬಿಲ್ಲಿನ ಚೀಟಿಗೆ ಒಂದು ತೂತು ಹೊಡೆದು ಕಳಿಸುವುದು ಅವಳ ಕೆಲಸ. ಗಲ್ಲಾದಲ್ಲಿ ಕೂರುವವಳು ನಾನು. ಕೆಲಸ ಮುಗಿಸಿ ಮನೆಗೆ ಹೊರಟರೆ ನನ್ನ ಚೀಲವನ್ನೂ ಬಿಡುವುದಿಲ್ಲ. ಪಾದ್ರಿಯವರ ಚೀಲವನ್ನೂ ಬಿಟ್ಟಿಲ್ಲ. ಮದುವೆ ಯಾಕೆ ಮಾಡಿಕೊಳ್ಳಲಿಲ್ಲ ಎಂದು ಯಾರಾದರೂ ಕೇಳಿದರೆ, "ಇಬ್ರು ಬಂದಿದ್ರು. ಇಬ್ರೂ ನಗ್ತಾನೇ ಇದ್ರು. ಅಷ್ಟು ನಗೋಕೆ ಏನಿತ್ತು ಅಂತ ನಂಗಿನ್ನೂ ಗೊತ್ತಾಗಿಲ್ಲ" ಎನ್ನುತ್ತಾಳೆ.

ಅವಳ ಮನೆ ಗರೀಪ್ ನದಿಯ ಕಡೆ, ಹದಿನಾಲ್ಕು ಕಿಲೋಮೀಟರ್ ದೂರದಲ್ಲಿದೆ. ದಿನಾ ಸೈಕಲ್ಲಿನಲ್ಲೇ ಬರುತ್ತಾಳೆ. ಯಾರಾದರೂ ಗಾಡಿ ನಿಲ್ಲಿಸಿ ಹತ್ತು ಎಂದರೆ ಹತ್ತುವುದಿಲ್ಲ. ಮರಳು, ಬೆಣಚುಕಲ್ಲು, ಎದುರುಗಾಳಿ ಏನೇ ಇರಲಿ, ನಲವತ್ತಾರರ ವಯಸ್ಸಿನಲ್ಲೂ ಅವಳ ಕಾಲುಗಳು ಬೇಲಿಯ ತಂತಿಯ ಹಾಗೆ ಬಿಗಿಯಾಗಿವೆ.

ಕಳೆದ ಜುಲೈಯಲ್ಲಿ ವಿಲ್ಮೀನ್ ಸ್ವಾರ್ಟ್‌ಬೂಯಿ ಅಂಗಡಿಗೆ ಬಂದು ನೇರವಾಗಿ ಡ್ರಿಕಾಳ ಮುಂದೆ ನಿಂತಾಗ ನಾನು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿದೆ. ವಿಲ್ಮೀನ್ ಆಗ ನಮ್ಮೂರಿನ ಶಾಲೆಯ ಬಸ್ ಓಡಿಸುತ್ತಿದ್ದಳು. ಒಂದು ಕಾಲದಲ್ಲಿ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು. ಒಂಬತ್ತು ವರ್ಷದ ಹಿಂದೆ ಡ್ರಿಕಾ ವಿಲ್ಮೀನಳ ತಾಯಿಯನ್ನು ಇದೇ ಬಾಗಿಲಲ್ಲಿ ನಿಲ್ಲಿಸಿ, ಊರೆಲ್ಲ ನೋಡುವಂತೆ ಚೀಲವನ್ನು ನೆಲಕ್ಕೆ ಸುರಿಸಿದ್ದಳು. ಬಿದ್ದದ್ದು ಒಂದು ಬಾಚಣಿಗೆ, ಒಂದು ಪ್ರಾರ್ಥನಾ ಪುಸ್ತಕ. ಅಂದಿನಿಂದ ಮಾತಿರಲಿಲ್ಲ.

"ಅಕ್ಟೋಬರ್‌ನಲ್ಲಿ ಬೆಟ್ಟ ದಾಟೋ ಸೈಕಲ್ ರೇಸ್ ಬರ್ತಿದೆಯಲ್ಲ, ಐದು ದಿನದ್ದು," ಎಂದಳು ವಿಲ್ಮೀನ್. "ಜೋಡಿಯಾಗಿ ಓಡಿಸ್ಬೇಕು. ನಮ್ಮೂರಿನ ಹೆಂಗಸ್ರಿಗೆ ಅಂತ ಒಂದು ಜೋಡಿ ಜಾಗ ಬಿಟ್ಟಿದಾರೆ. ಸೈಕಲ್ ಅವ್ರೇ ಕೊಡ್ತಾರೆ. ನೀನು ಬಾ."

ಡ್ರಿಕಾ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಯಾಕೆ, ಬೇರೆ ಯಾರೂ ಸಿಗ್ಲಿಲ್ವಾ?"

"ನಿನ್ನಷ್ಟು ಚೆನ್ನಾಗಿ ತುಳಿಯೋರು ಯಾರಿದಾರೆ?"

"ಒಂಬತ್ತು ವರ್ಷ ಆದ್ಮೇಲೆ ನೆನಪಾಯ್ತಾ ನಾನು ತುಳಿಯೋದು?"

ಅವಳು ಹೋದ ಮೇಲೆ ಡ್ರಿಕಾ ನನ್ನ ಕಡೆ ತಿರುಗಿದಳು. "ಟ್ರೂಯಿ, ಇವಳ ಹೊಟ್ಟೇಲಿ ಏನೋ ಇದೆ. ನನ್ನನ್ನ ಬೆಟ್ಟದ ಮಧ್ಯೆ ಬಿಟ್ಟು ನಗ್ಬೇಕು ಅಂತಿದಾಳೆ."

"ಹಾಗಾದ್ರೆ ಹೋಗ್ಬೇಡ."

"ಹೋಗ್ದೆ ಇದ್ರೆ ಅದೇನು ಅಂತ ಗೊತ್ತಾಗೋದು ಹೇಗೆ?"

ಹೀಗೆ ಡ್ರಿಕಾ ಒಪ್ಪಿಕೊಂಡಳು. ರೇಸಿನ ಐದೂ ಬಿಡಾರಗಳಲ್ಲಿ ಕೆಂಡದ ಮೇಲೆ ರೊಟ್ಟಿ ಸುಡಲು ನಮ್ಮೂರಿನ ಹೆಂಗಸರನ್ನು ಕರೆದಿದ್ದರು. ಅವರಲ್ಲಿ ನಾನೂ ಒಬ್ಬಳಾದ್ದರಿಂದ ಮುಂದಿನದನ್ನು ಅರ್ಧ ಕಣ್ಣಾರೆ ಕಂಡೆ, ಉಳಿದರ್ಧ ಅವರಿಬ್ಬರ ಬಾಯಿಂದಲೇ ಕೇಳಿದೆ.

ಅರವತ್ತೊಂದು ಜೋಡಿಗಳು ಹೊರಟವು. ಜೋಡಿಯಲ್ಲಿ ಒಬ್ಬರಿಗಿಂತ ಇನ್ನೊಬ್ಬರು ಎರಡು ನಿಮಿಷಕ್ಕಿಂತ ಹಿಂದೆ ಬೀಳಬಾರದು, ಹೇಳಿದ ಹೊತ್ತಿನೊಳಗೆ ಬಿಡಾರ ಮುಟ್ಟದಿದ್ದರೆ ಮನೆಗೆ ಹೋಗಬೇಕು. ಮೊದಲ ದಿನ ಬೆಳಿಗ್ಗೆ, ರೇಸಿನವರು ಕೊಟ್ಟ ಸೈಕಲ್ಲಿನ ಒಂದೊಂದು ತಿರುಪನ್ನೂ ಡ್ರಿಕಾ ತಾನೇ ಬಿಗಿದಳು. ಅವರು ಹಂಚಿದ ಬಣ್ಣದ ಪುಡಿಯ ಪಾನಕವನ್ನು ಮೂಸಿ ನೋಡಿ ಚೆಲ್ಲಿ, ಸೀಸೆಗೆ ತಾನು ಕಾಯಿಸಿದ ಕಾಡುಚಹಾ ತುಂಬಿಕೊಂಡಳು.

ಸಮುದ್ರದ ಕಡೆಯಿಂದ ಬಂದ ಗಾಳಿ ಇಡೀ ದಿನ ಮುಖಕ್ಕೇ ಹೊಡೆಯಿತು. ಅಂಥ ಗಾಳಿಯಲ್ಲಿ ಜೋಡಿಯವರು ಸರದಿಯ ಮೇಲೆ ಮುಂದೆ ಹೋಗುತ್ತಾರೆ, ಮುಂದಿದ್ದವರು ಗಾಳಿ ತಡೆಯುವುದರಿಂದ ಹಿಂದಿದ್ದವರಿಗೆ ಅಷ್ಟು ಸುಸ್ತಾಗುವುದಿಲ್ಲ. ವಿಲ್ಮೀನ್ ಒಂದು ಸಲವೂ ಮುಂದೆ ಬರಲಿಲ್ಲ. ಎಪ್ಪತ್ತೆಂಟು ಕಿಲೋಮೀಟರೂ ಡ್ರಿಕಾಳ ಹಿಂದಿನ ಚಕ್ರಕ್ಕೆ ಅಂಟಿಕೊಂಡೇ ಬಂದಳು. ದಾಟಿ ಹೋದ ಇಬ್ಬರು ಗಂಡಸರು, "ಆಂಟೀ, ಟ್ರೈಲರ್ ಕಟ್ಕೊಂಡು ಎಲ್ಲಿಗೆ ಸವಾರಿ?" ಎಂದು ಕೂಗಿದರಂತೆ.

"ಶಕ್ತಿ ಉಳಿಸ್ಕೊತಿದಾಳೆ," ಎಂದಳು ಡ್ರಿಕಾ ಬಿಡಾರದಲ್ಲಿ, ನನ್ನ ಒಲೆಯ ಪಕ್ಕ ಕೂತು. "ಕೊನೇ ದಿನ ನನ್ನನ್ನ ಹಿಂದೆ ಹಾಕಿ ತಾನೊಬ್ಳೇ ಕೈ ಎತ್ಕೊಂಡು ಹೋಗ್ತಾಳೆ. ಫೋಟೋಗೆ."

ಎರಡನೆಯ ದಿನ ದಾರಿ ಬಂಡೆಗಳ ನಡುವಿನ ಕಿರಿದಾದ ಕಣಿವೆಯಲ್ಲಿತ್ತು. ಬಿಸಿಲಿನಿಂದ ನೆರಳಿಗೆ ಹೊಕ್ಕ ಕೂಡಲೇ ವಿಲ್ಮೀನಳ ಮೊಣಕೈ ಬಂಡೆಗೆ ಉಜ್ಜಿತು. ಸ್ವಲ್ಪ ಮುಂದೆ ಮತ್ತೊಮ್ಮೆ. "ಕೈ ಜಾರ್ತು" ಎಂದಳು. ಬಿಡಾರದಲ್ಲಿ ನಾನು ಅವಳ ಬಲಗಡೆ ಚಹಾದ ಲೋಟ ಇಟ್ಟೆ. ಮರುಕ್ಷಣ ಅವಳ ಕೈ ತಗುಲಿ ಲೋಟ ಉರುಳಿತು. "ಇಡೋ ಜಾಗನಾ ಅದು?" ಎಂದು ನನ್ನ ಮೇಲೇ ರೇಗಿದಳು.

ಡ್ರಿಕಾ ನೋಡುತ್ತಿದ್ದಳು. ವಿಲ್ಮೀನ್ ಮುಖ ತೊಳೆಯಲು ಎದ್ದಾಗ ಅವಳ ಸೀಸೆಯನ್ನು ತೆಗೆದು ಮೂಸಿದಳು, ನಾಲಿಗೆಗೂ ಹಚ್ಚಿ ನೋಡಿದಳು.

"ಏನು ಮಾಡ್ತಿದೀಯೇ?" ಎಂದೆ.

"ಕುಡೀತಾಳೇನೋ ಅಂದ್ಕೊಂಡೆ." ಮುಚ್ಚಳ ತಿರುಗಿಸಿ ಇಟ್ಟಳು. "ಬರೀ ನೀರು. ಈಗ ಅನುಮಾನ ಇನ್ನೂ ಜಾಸ್ತಿ ಆಯ್ತು."

ಮೂರನೆಯ ದಿನ ಅವಳು ಪರೀಕ್ಷೆಗಿಳಿದಳು. ಡ್ರಿಕಾ ಸೈಕಲ್ ತುಳಿಯುವಾಗ ಬಾಯಿ ಮುಚ್ಚುವವಳಲ್ಲ. ಎಡಕ್ಕೆ ಕಲ್ಲು, ಬಲಕ್ಕೆ ಮುಳ್ಳು, ಅಲ್ಲಿ ಹಾವಿನ ಬಿಲ ಇರಬಹುದು, ಈ ಮರಳು ಮೆತ್ತಗಿರಬಹುದು, ಹೀಗೆ ಯಾರಿಲ್ಲದಿದ್ದರೂ ಗೊಣಗುತ್ತಲೇ ಹೋಗುವುದು ಅವಳ ಅಭ್ಯಾಸ. ಆ ದಿನ ನೀರು ಕೊಡುವ ಎರಡನೆಯ ಜಾಗ ದಾಟಿದ ಮೇಲೆ ಇದ್ದಕ್ಕಿದ್ದಂತೆ ಸುಮ್ಮನಾದಳು. ಹಿಂದಿನಿಂದ ವಿಲ್ಮೀನಳ ಬ್ರೇಕಿನ ಸದ್ದು ಕೇಳಿಸತೊಡಗಿತು.

"ಯಾಕೆ ಸುಮ್ನಾದೆ?"

ಡ್ರಿಕಾ ತುಳಿಯುತ್ತಲೇ ಹೋದಳು.

"ಡ್ರಿಕಾ, ಮಾತಾಡೇ!"

ಮುಂದೆ ಒಣಗಿದ ಹೊಳೆಗೆ ಇಳಿಯುವ ಕಡೆ ದಾರಿಗೆ ಅಡ್ಡಲಾಗಿ ಒಂದು ಕೊರಕಲು ಇತ್ತು, ಮೊಣಕಾಲುದ್ದ ಆಳ. ಡ್ರಿಕಾ ಏನೂ ಹೇಳದೆ ಸೈಕಲ್ಲನ್ನು ಎತ್ತಿ ಹಾರಿಸಿದಳು. ವಿಲ್ಮೀನ್ ಹಾರಿಸಲಿಲ್ಲ, ನಿಲ್ಲಿಸಲೂ ಇಲ್ಲ. ಮುಂದಿನ ಚಕ್ರ ಕೊರಕಲಿಗೆ ಬಿದ್ದು, ಅವಳು ಹ್ಯಾಂಡಲ್ ಮೇಲಿಂದ ಹಾರಿ ಕಲ್ಲುಗಳ ಮೇಲೆ ಬಿದ್ದಳು.

ಡ್ರಿಕಾ ಓಡಿ ಬಂದಾಗ ವಿಲ್ಮೀನಳ ಮೊಣಕಾಲು ಹರಿದು ರಕ್ತ ಸಾಕ್ಸಿಗೆ ಇಳಿಯುತ್ತಿತ್ತು. ಕುಡಿಯಲೆಂದು ನೀರಿನ ಸೀಸೆ ಚಾಚಿದಳು. ವಿಲ್ಮೀನ್ ಅದು ಇಲ್ಲದ ಕಡೆ ಕೈಯಾಡಿಸಿದಳು. ಡ್ರಿಕಾ ಸೀಸೆಯನ್ನು ಅವಳ ಅಂಗೈಗೇ ಇಟ್ಟಳು.

"ನಿಂಗೆ ಕಾಣಲ್ಲ."

"ಕಾಣತ್ತೆ. ಎದುರಿಗಿರೋದು ಕಾಣತ್ತೆ." ವಿಲ್ಮೀನ್ ತಲೆ ತಗ್ಗಿಸಿದಳು. "ಪೈಪಿನೊಳಗಿಂದ ನೋಡಿದ ಹಾಗೆ. ಪಕ್ಕದ್ದು, ಕೆಳಗಿಂದು, ಏನೂ ಇಲ್ಲ. ವರ್ಷ ವರ್ಷಕ್ಕೂ ಪೈಪು ಸಣ್ಣ ಆಗ್ತಿದೆ. ಇದಕ್ಕೆ ಮದ್ದಿಲ್ಲ ಅಂದ್ರು ಡಾಕ್ಟ್ರು."

"ಅದಕ್ಕೇ ನಾನು ಬೇಕಾಯ್ತಾ?"

"ನೀನು ಇಲ್ದೇ ಇರೋ ಕಲ್ಲನ್ನೂ ಕೂಗಿ ಹೇಳ್ತೀಯ, ಡ್ರಿಕಾ. ಬೇರೆಯವ್ರು ಇರೋದನ್ನೂ ಹೇಳಲ್ಲ."

ಬೇರೆ ಹೊತ್ತಾಗಿದ್ದರೆ ಡ್ರಿಕಾ ನಗುತ್ತಿದ್ದಳೋ ಏನೋ. ಆದರೆ ಅವಳ ತಲೆ ಆಗಲೇ ಬೇರೆಡೆ ಓಡಿತ್ತು. "ಎಷ್ಟು ದಿನದಿಂದ?"

"ಎರಡು ವರ್ಷ."

"ಎರಡು ವರ್ಷದಿಂದ ಹೀಗೇ ಬಸ್ ಓಡಿಸ್ತಿದೀಯ?"

ವಿಲ್ಮೀನ್ ಮೊಣಕಾಲಿಗೆ ಅಂಟಿದ ಮರಳು ಒರೆಸತೊಡಗಿದಳು.

"ಇಪ್ಪತ್ತೆರಡು ಮಕ್ಳು ಕಣೇ! ನನ್ ತಂಗಿ ಮಗಳು ನಿನ್ ಹಿಂದಿನ ಸೀಟಲ್ಲೇ ಕೂರ್ತಾಳೆ!"

"ಆ ದಾರಿ ನಂಗೆ ಬಾಯಿಪಾಠ."

"ದಾರಿಗೆ ಅಡ್ಡ ಬರೋ ಕತ್ತೆಗೆ ಬಾಯಿಪಾಠ ಇರತ್ತಾ?"

"ಬಿಡ್ತೀನಿ. ಈ ಐದು ದಿನ ಮುಗಿಸಿ ಬಿಡೋಣ ಅಂತಾನೇ ಇದ್ದೆ. ಕಣ್ಣಿರೋವಾಗ್ಲೇ ಈ ಬೆಟ್ಟ ಪೂರ್ತಿ ಒಂದ್ಸಲ ದಾಟ್ಬೇಕು ಅಂತ ಆಸೆ. ಅಷ್ಟೇ."

"ನಂಬೋ ಹಾಗಿದ್ರೆ ನಂಬ್ತಿದ್ದೆ."

ಮುಂದೆ ಮೂವತ್ತೊಂದು ಕಿಲೋಮೀಟರ್ ಉಳಿದಿತ್ತು, ಬಿಸಿಲು ನಲವತ್ತು ಡಿಗ್ರಿ ದಾಟಿತ್ತು. ಅಲ್ಲೇ ಕೂತು ಸಹಾಯದ ಗಾಡಿಗೆ ಕಾಯಬಹುದಿತ್ತು. ಡ್ರಿಕಾ ತನ್ನ ತಲೆವಸ್ತ್ರ ಬಿಚ್ಚಿ ವಿಲ್ಮೀನಳ ಮೊಣಕಾಲಿಗೆ ಬಿಗಿದು ಕಟ್ಟಿದಳು. ಆ ಕೊರಕಲು ತನಗೆ ಇಪ್ಪತ್ತು ಹೆಜ್ಜೆ ಮೊದಲೇ ಕಂಡಿತ್ತು ಎಂಬುದನ್ನು ಅವಳು ಅಲ್ಲೇ ಹೇಳಿದಳು. "ಬೇಕು ಅಂತಾನೇ ಹೇಳ್ಲಿಲ್ಲ. ಇಷ್ಟು ಬೀಳ್ತೀಯ ಅಂದ್ಕೊಂಡಿರ್ಲಿಲ್ಲ."

"ಗೊತ್ತು," ಎಂದಳು ವಿಲ್ಮೀನ್. "ನೀನು ಹಾಗೇ."

ಮತ್ತೆ ತುಳಿದರು. ಆ ಮೂವತ್ತೊಂದು ಕಿಲೋಮೀಟರೂ ಡ್ರಿಕಾ ಕಲ್ಲುಗಳನ್ನೂ ಬೈಗುಳಗಳನ್ನೂ ಒಟ್ಟಿಗೇ ಕೂಗುತ್ತ ಹೋದಳು: "ಎಡಕ್ಕೆ ಬಂಡೆ, ಸುಳ್ಳಿ! ಮರಳು ಬಂತು, ಕಳ್ಳಿ! ಬಲಕ್ಕೆ ತಿರುವು, ನಾಚ್ಕೆ ಇಲ್ದವ್ಳೇ!" ಗಡುವಿಗೆ ನಾಲ್ಕು ನಿಮಿಷ ಇರುವಾಗ ಬಿಡಾರ ಸೇರಿದರು. ಡ್ರಿಕಾ ನೀರೂ ಕುಡಿಯದೆ ಅಂಗೈ ಚಾಚಿದಳು.

"ಬಸ್ಸಿನ ಕೀಲಿ."

"ರೇಸ್ ಮುಗೀಲಿ."

"ಈಗ. ಟ್ರೂಯಿ ನೋಡ್ತಿರೋವಾಗ."

ವಿಲ್ಮೀನ್ ತನ್ನ ಗಂಟಿನೊಳಗೆ ಬಹಳ ಹೊತ್ತು ತಡಕಿ ಕೀಲಿಗೊಂಚಲು ತೆಗೆದು ಕೊಟ್ಟಳು. ಆಮೇಲೆ ಮುಖ ಮುಚ್ಚಿಕೊಂಡು ಅತ್ತಳು. ಡ್ರಿಕಾ ಸಮಾಧಾನ ಹೇಳಲಿಲ್ಲ. ಆದರೆ ಅವಳ ರೊಟ್ಟಿಗೆ ಬೆಣ್ಣೆ ಸವರಿ, ಸರಿಯಾಗಿ ಅವಳ ಕಣ್ಣೆದುರಿಗೆ ಇಟ್ಟಳು.

ಉಳಿದೆರಡು ದಿನವೂ ಓಡಿಸಿದರು. ಮುಗಿಸಿದ ಜೋಡಿಗಳಲ್ಲಿ ಕೊನೆಯಿಂದ ಎರಡನೆಯವರು. ಗೆರೆ ದಾಟುವಾಗ ಡ್ರಿಕಾ ಇನ್ನೂ ಕೂಗುತ್ತಲೇ ಇದ್ದಳು, "ಇದು ಗೆರೆ, ಇಷ್ಟೇ, ನಿಲ್ಸು!" ಎಂದು.

ಸೋಮವಾರ ವಿಲ್ಮೀನ್ ಮುಖ್ಯೋಪಾಧ್ಯಾಯರಿಗೆ ತಾನೇ ಹೋಗಿ ಹೇಳಿದಳು. ಡ್ರಿಕಾ ಶಾಲೆಯ ಗೇಟಿನಲ್ಲಿ ನಿಂತು ಕಾದಳು. ಮುಂದಿನ ವಾರ ಬಸ್ಸಿಗೆ ಬೇರೆ ಚಾಲಕ ಬಂದ. ಬಂದವನು ಯಾರು ಎಂದರೆ ಡ್ರಿಕಾಳ ತಂಗಿಯ ಗಂಡ! ಇಡೀ ಜಿಲ್ಲೆಯಲ್ಲಿ ಭಾರಿ ವಾಹನದ ಲೈಸೆನ್ಸ್ ಇದ್ದು ಖಾಲಿ ಕೂತಿದ್ದವನು ಅವನೊಬ್ಬನೇ. ಆದರೆ ಊರು ಕೇಳಬೇಕಲ್ಲ.

"ತಂಗಿ ಗಂಡನಿಗೆ ಕೆಲಸ ಕೊಡ್ಸೋಕೆ ಗೆಳತಿ ಅನ್ನಕ್ಕೇ ಕಲ್ಲು ಹಾಕಿದ್ಲು," ಎಂದರು ಅಂಗಡಿಯಲ್ಲೇ, ಅವಳಿಗೆ ಕೇಳುವ ಹಾಗೆ. "ರೇಸಿಗೆ ಕರ್ಕೊಂಡು ಹೋಗಿದ್ದೇ ಅದಕ್ಕೆ."

ಕರೆದದ್ದು ವಿಲ್ಮೀನ್ ಎಂದು ನಾನು ಎಷ್ಟು ಸಲ ಹೇಳಿದರೂ ಪ್ರಯೋಜನವಾಗಲಿಲ್ಲ. ಡ್ರಿಕಾ ಚೀಟಿಗೆ ತೂತು ಹೊಡೆಯುತ್ತ ಕೂತಿರುತ್ತಿದ್ದಳು. ವಿಲ್ಮೀನ್ ಕೂಡ ಎರಡು ತಿಂಗಳು ಊರಿನ ಬಾಯಿ ಮುಚ್ಚಿಸಲು ಹೋಗಲಿಲ್ಲ. ಹಾಗೆ ಸುಮ್ಮನಿದ್ದುದಕ್ಕೆ ಕಾರಣ ಸಿಟ್ಟೋ ನಾಚಿಕೆಯೋ, ನನಗೆ ಗೊತ್ತಿಲ್ಲ. ಡಿಸೆಂಬರಿನ ಒಂದು ಭಾನುವಾರ, ಪ್ರಾರ್ಥನೆ ಮುಗಿದು ಜನ ಚರ್ಚಿನ ಅಂಗಳದಲ್ಲಿ ನಿಂತಿದ್ದಾಗ, ಅವಳು ಒಬ್ಬೊಬ್ಬರ ಮುಖದ ಹತ್ತಿರ ಹೋಗಿ ಯಾರೆಂದು ಗುರುತಿಸಿ, "ಡ್ರಿಕಾಳ ಬಗ್ಗೆ ಏನಂದೆ ನೀನು? ನನ್ ಎದುರಿಗೆ ಹೇಳು" ಎಂದು ಕೇಳಿದಳು. ಯಾರೂ ಹೇಳಲಿಲ್ಲ.

ಈಗ ವಿಲ್ಮೀನ್ ಶಾಲೆಯ ಅಡುಗೆಮನೆಯಲ್ಲಿದ್ದಾಳೆ. ಶನಿವಾರ ಇಬ್ಬರೂ ನದಿಯ ದಾರಿಯಲ್ಲಿ ಸೈಕಲ್ ತುಳಿಯುತ್ತಾರೆ. ಮಾತು ಬಹಳ ಇರುವುದಿಲ್ಲ, ಕಲ್ಲು ಮುಳ್ಳುಗಳ ವಿಚಾರ ಬಿಟ್ಟರೆ.

ಮೊನ್ನೆ ಅಂಗಡಿ ಖಾಲಿಯಿದ್ದಾಗ ಡ್ರಿಕಾ ಗಲ್ಲಾದ ಹತ್ತಿರ ಬಂದಳು. "ಟ್ರೂಯಿ, ನಿಜ ಹೇಳು. ನಾನು ಕೀಲಿ ಕೇಳ್ದೇ ಇದ್ದಿದ್ರೆ ಬಸ್ ಬಿಡ್ತಿದ್ಲಾ ಅವಳು?"

"ಅವಳನ್ನೇ ಕೇಳ್ಬಾರ್ದಾ?"

"ಕೇಳ್ದೆ. ಬಿಡ್ತಿದ್ದೆ ಅಂದ್ಲು."

"ಮತ್ತೆ?"

"ಅನ್ನೋವಾಗ ನಕ್ಕಳು," ಎಂದಳು ಡ್ರಿಕಾ.